ಅಮ್ಮ ನರಳುವವರೆಗೆ ಕಾಯಬೇಡಿ

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಇನ್ನು ಕಿಮೋ ಕೊಟ್ಟು ಪ್ರಯೋಜನವಿಲ್ಲ, ಮನೆಯಲ್ಲಿ ನೋಡಿಕೊಳ್ಳಿ ಎಂದು ವೈದ್ಯರು ಹೇಳಿ ಹದಿನೈದು ದಿನಗಳಾದವು. 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿ ಮಲಗುವಾಗ ಎರಡು ಎಂದು ಬರೆದುಕೊಟ್ಟಿದ್ದಾರೆ. ಮುಂಬಯಿಯಲ್ಲಿರುವ ಅಣ್ಣ, ಅದು ಅಮಲಿನ ಮದ್ದು, ಒಮ್ಮೆ ರೂಢಿಯಾದರೆ ಕಷ್ಟ ಎನ್ನುತ್ತಾನೆ. ಹಾಗಾಗಿ ತಡೆಯಲಾಗದಾಗ ಮಾತ್ರ, ದಿನಕ್ಕೆ ಎರಡು ಮಾತ್ರೆ ಕೊಡುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ನರಳಲು ತೊಡಗಿದರೆ ಬೆಳಗಾಗುವವರೆಗೂ ನಿಲ್ಲುವುದಿಲ್ಲ. ನಾಲ್ಕು ದಿನಗಳಿಂದ ಮಲವಿಸರ್ಜನೆಯಾಗಿಲ್ಲ. ಆಗಾಗ ಉಸಿರು ಕಟ್ಟುತ್ತದೆ. ಊಟ ಬಹುತೇಕ ಬಿಟ್ಟಿದ್ದಾರೆ. ಗ್ಲೂಕೋಸ್ ಹಾಕಿಸಿ ಎಂದು ನೆರೆಮನೆಯವರು ಹೇಳುತ್ತಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಮಳೆಗೆ ಕರೆಂಟು ಹೋದರೆ ಬರುವುದು ಯಾವಾಗಲೋ. ನಾನು ಏನು ಮಾಡಬೇಕು? ಅಣ್ಣನನ್ನು ಯಾವಾಗ ಕರೆಸಬೇಕು?
– ಓದುಗರು, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ಮಾತನ್ನು: "ತಡೆಯಲಾಗದಾಗ ಮಾತ್ರ." ಗಂಭೀರ ಕಾಯಿಲೆಯವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ದಾದಿಯಾಗಿ ಉಡುಪಿಯ ಸುತ್ತಮುತ್ತ ಓಡಾಡುವ ನನಗೆ ಈ ಮಾತು ಹೊಸತಲ್ಲ. ಕೇಡು ಬಯಸಿ ಯಾರೂ ಹಾಗೆ ಮಾಡುವುದಿಲ್ಲ. ಪ್ರೀತಿ ಮತ್ತು ಹೆದರಿಕೆ ಎರಡೂ ಒಟ್ಟಿಗಿರುವ ಮನೆಗಳಲ್ಲಿಯೇ ಮಾತ್ರೆಗಳು ಡಬ್ಬದಲ್ಲಿ ಉಳಿಯುತ್ತವೆ. ಆದರೆ ನಿಮ್ಮ ಅಮ್ಮನ ರಾತ್ರಿ ಎರಡು ಗಂಟೆಯ ನರಳಾಟಕ್ಕೆ ಕಾಯಿಲೆ ಎಷ್ಟು ಕಾರಣವೋ ಡಬ್ಬದಲ್ಲಿ ಉಳಿದ ಆ ಮಾತ್ರೆಗಳೂ ಅಷ್ಟೇ ಕಾರಣ. ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ನಿಮ್ಮ ಕೈಯಿಂದಲೇ ಸರಿಯಾಗಬಹುದಾದ ಸಂಗತಿ ಇದು ಎಂಬ ಸಮಾಧಾನದಿಂದ ಹೇಳುತ್ತಿದ್ದೇನೆ.

ನಿಮಗೆ ಕೊಟ್ಟಿರುವ ಬಗೆಯ ಮಾರ್ಫಿನ್ ಮಾತ್ರೆ ನುಂಗಿದ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಕೆಲಸ ಆರಂಭಿಸುತ್ತದೆ. ಒಂದು ಗಂಟೆಯ ಹೊತ್ತಿಗೆ ಅದರ ಪೂರ್ಣ ಬಲ ಸಿಗುತ್ತದೆ. ನಾಲ್ಕು ಗಂಟೆಯಾಗುವಾಗ ಬಲ ಇಳಿದಿರುತ್ತದೆ. ಆಗ ಮುಂದಿನ ಮಾತ್ರೆ ಹೊಟ್ಟೆ ಸೇರಿರಬೇಕು. ಮಳೆಗಾಲದಲ್ಲಿ ಗದ್ದೆಯ ಹುಣಿ ಒಡೆಯುವ ಮೊದಲು ಒಂದು ಬುಟ್ಟಿ ಮಣ್ಣು ಸಾಕು. ಒಡೆದ ಮೇಲೆ ಹತ್ತು ಬುಟ್ಟಿ ಸುರಿದರೂ ನೀರು ನಿಲ್ಲುವುದಿಲ್ಲ. ನೋವೂ ಹಾಗೆಯೇ. ಏರಿ ನಿಂತ ನೋವನ್ನು ಇಳಿಸಲು ಹೆಚ್ಚು ಮದ್ದು ಬೇಕು, ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ರೋಗಿ ಸೋತುಹೋಗಿರುತ್ತಾರೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮಾರ್ಗಸೂಚಿ ಕೊಟ್ಟಾಗ, ಸಾಧ್ಯವಿದ್ದಷ್ಟೂ ಬಾಯಿಯ ಮೂಲಕ ಕೊಡಿ, ಗಡಿಯಾರ ನೋಡಿ ಕೊಡಿ, ನೋವಿನ ತೀವ್ರತೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಎಂದಿತು. ಎಷ್ಟೋ ಹೊಸ ಮದ್ದುಗಳು ಬಂದಿವೆ, ಆದರೆ ಗಡಿಯಾರದ ಮಾತು ಇಂದಿಗೂ ಹಾಗೆಯೇ ಇದೆ.

ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಹೊತ್ತುಗಳು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಹತ್ತಕ್ಕೆ ಎರಡು ಮಾತ್ರೆ ಏಕೆ ಎಂದು ನಿಮಗೆ ಯಾರೂ ವಿವರಿಸಿಲ್ಲ ಎಂದು ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ನಿದ್ದೆಯಿಂದ ಎಬ್ಬಿಸಿ ಮಾತ್ರೆ ಕೊಡುವುದು ತಪ್ಪಲಿ, ಬೆಳಗಿನ ಆರರವರೆಗೆ ಮಲಗಲಿ ಎಂದು ಆ ಎರಡನೆಯ ಮಾತ್ರೆ. ನಿಮ್ಮ ಅಮ್ಮ ನರಳುವುದು ಸರಿಯಾಗಿ ಎರಡು ಗಂಟೆಗೆ. ವೈದ್ಯರು ಮುಚ್ಚಲು ಹೊರಟಿದ್ದ ಕಿಂಡಿ ಅದೇ.

ಹಾಗೆಂದು ಇಂದು ರಾತ್ರಿಯೇ ನೀವಾಗಿ ಬದಲಾಯಿಸಬೇಡಿ. ಮೊದಲು ನಿಮ್ಮ ಚಿಕಿತ್ಸಾ ತಂಡಕ್ಕೆ ಫೋನ್ ಮಾಡಿ, ಇದುವರೆಗೆ ದಿನಕ್ಕೆ ಎರಡೇ ಮಾತ್ರೆ ಕೊಟ್ಟಿದ್ದೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ನಾನು ಹೆಚ್ಚು ಹೆದರುವುದು ಇಲ್ಲಿಯೇ. ವೈದ್ಯರ ಲೆಕ್ಕದಲ್ಲಿ ಅಮ್ಮ ದಿನಕ್ಕೆ 60 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ನಿಜವಾಗಿ ತೆಗೆದುಕೊಳ್ಳುತ್ತಿರುವುದು 20. "ಮಾತ್ರೆ ಕೊಟ್ಟರೂ ನೋವು ಇಳಿದಿಲ್ಲ" ಎಂದಷ್ಟೇ ನೀವು ಹೇಳಿದರೆ ಅವರು 60 ಸಾಲದು ಎಂದುಕೊಂಡು ಪ್ರಮಾಣ ಏರಿಸುತ್ತಾರೆ. ಆ ಏರಿಸಿದ ಪ್ರಮಾಣವನ್ನು ಯಾರೋ ಒಬ್ಬರು ನಿಷ್ಠೆಯಿಂದ ಕೊಟ್ಟ ದಿನ ಅಮ್ಮನ ದೇಹಕ್ಕೆ ಅದು ಒಮ್ಮೆಲೇ ಹೆಚ್ಚಾಗುತ್ತದೆ. ಕೊಡದ ಮಾತ್ರೆಯನ್ನು ಕೊಟ್ಟೆ ಎಂದು ಹೇಳುವುದಕ್ಕಿಂತ ಅಪಾಯಕಾರಿಯಾದ ಸಂಕೋಚ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಒಂದು ನೋಟ್‌ಬುಕ್ ಇಡಿ. ಶಾಲೆಯ ನೂರು ಪುಟದ ಪುಸ್ತಕ ಸಾಕು. ಯಾವ ಹೊತ್ತಿಗೆ ಏನು ಕೊಟ್ಟೆ, ನೋವು ಎಷ್ಟಿತ್ತು, ಒಂದು ಗಂಟೆಯ ನಂತರ ಎಷ್ಟಾಯಿತು, ಮಲ ಮೂತ್ರ ಹೇಗಿತ್ತು ಎಂದು ಬರೆಯಿರಿ. ನಡುವೆ ನೋವು ನುಗ್ಗಿದರೆ ಕೊಡಲು ಒಂದು ಹೆಚ್ಚುವರಿ ಮಾತ್ರೆಯ ಅನುಮತಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಸಾಮಾನ್ಯವಾಗಿ ಇದು ಇಡೀ ದಿನದ ಪ್ರಮಾಣದ ಆರನೆಯ ಒಂದು ಪಾಲು, 60ಕ್ಕೆ 10. ಸ್ನಾನ ಮಾಡಿಸುವಾಗ, ಹಾಸಿಗೆ ಬದಲಿಸುವಾಗ ನೋವು ಬರುವುದು ಗೊತ್ತಿದ್ದರೆ ಅದನ್ನು ಅರ್ಧ ಗಂಟೆ ಮುಂಚೆಯೇ ಕೊಡಬಹುದು. ಹೆಚ್ಚುವರಿ ಮಾತ್ರೆ ಕೊಟ್ಟಿರಿ ಎಂದು ಮುಂದಿನ ಹೊತ್ತಿನ ಮಾತ್ರೆಯನ್ನು ತಪ್ಪಿಸಬಾರದು. ದಿನಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ಬೇಕಾಗುತ್ತಿದ್ದರೆ ಮೂಲ ಪ್ರಮಾಣವೇ ಸಾಲದು ಎಂದರ್ಥ. ಆಗ ನೋಟ್‌ಬುಕ್ ಎದುರಿಗಿಟ್ಟುಕೊಂಡು ಫೋನ್ ಮಾಡಿ.

ಈಗ ಅಣ್ಣನ ಹೆದರಿಕೆಯ ಮಾತು. ಅದನ್ನು ತಳ್ಳಿಹಾಕಬೇಡಿ, ಉತ್ತರ ಕೊಡಿ. ನೋವಿಗಾಗಿ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾರ್ಫಿನ್ ಪಡೆಯುವ ಕ್ಯಾನ್ಸರ್ ರೋಗಿಗಳು ಅಮಲಿಗಾಗಿ ಅದರ ಬೆನ್ನು ಹತ್ತುವುದು ತೀರಾ ವಿರಳ. ಕೆಲವು ವಾರ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಬೆವರು, ಚಡಪಡಿಕೆ, ಭೇದಿ ಆಗಬಹುದು, ಆದ್ದರಿಂದ ನಿಲ್ಲಿಸುವುದಿದ್ದರೆ ಹಂತಹಂತವಾಗಿ ಇಳಿಸುತ್ತಾರೆ. ಅದು ದೇಹದ ರೂಢಿ, ಚಟ ಬೇರೆ. ಪ್ರಮಾಣ ಏರಿಸಬೇಕಾಗಿ ಬಂದರೆ ಅದಕ್ಕೆ ಹೆಚ್ಚಿನ ಸಲ ಕಾಯಿಲೆ ಬೆಳೆದಿರುವುದೇ ಕಾರಣ. "ಮಾರ್ಫಿನ್ ಕೊಟ್ಟರೆಂದರೆ ಇನ್ನು ಎರಡು ದಿನ" ಎಂಬ ಮಾತು ನಮ್ಮ ಊರುಗಳಲ್ಲಿದೆ. ಅದು ಹುಟ್ಟಿದ್ದು ಈ ಮದ್ದನ್ನು ಕೊನೆಯ ಎರಡು ದಿನಕ್ಕೆಂದೇ ಕಾದಿರಿಸಿದ ಕಾಲದಲ್ಲಿ. ಈ ಮಾತ್ರೆ ನುಂಗಿಕೊಂಡೇ ತಿಂಗಳುಗಟ್ಟಲೆ ಚಾವಡಿಯಲ್ಲಿ ಕುಳಿತು ಮಾತನಾಡಿದವರನ್ನು, ಮಗಳ ಮದುವೆಗೆ ಹೋಗಿ ಬಂದವರನ್ನು ನಾನು ನೋಡಿದ್ದೇನೆ.

ಮೊದಲ ಎರಡು ಮೂರು ದಿನ ಮಂಪರು ಇರುತ್ತದೆ. ಅದರಲ್ಲಿ ಮಾರ್ಫಿನ್ನಿನ ಪಾಲೂ ಇದೆ, ಹದಿನೈದು ರಾತ್ರಿಗಳ ನಿದ್ದೆಯ ಸಾಲವೂ ಇದೆ. ಕರೆದರೆ ಕಣ್ಣು ತೆರೆದು ಉತ್ತರಿಸುತ್ತಿದ್ದರೆ ಮಲಗಲು ಬಿಡಿ. ಕರೆದು ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಫೋನ್ ಮಾಡಿ. ಮೂತ್ರ ತೀರಾ ಕಡಿಮೆಯಾಗಿ ಕೈಕಾಲು ಆಗಾಗ ಎಗರುತ್ತಿದ್ದರೆ, ಮಾತು ಅಸಂಬದ್ಧವಾಗುತ್ತಿದ್ದರೆ ಅದನ್ನೂ ಅದೇ ದಿನ ತಿಳಿಸಿ. ಮೂತ್ರಪಿಂಡ ಸೋತಾಗ ಮಾರ್ಫಿನ್ನಿನ ಅಂಶಗಳು ದೇಹದಲ್ಲಿ ಉಳಿದುಬಿಡುತ್ತವೆ. ಆಗ ಪ್ರಮಾಣ ಇಳಿಸಬೇಕು ಅಥವಾ ಬೇರೆ ಮದ್ದಿಗೆ ಬದಲಾಯಿಸಬೇಕು. ಮೂತ್ರಪಿಂಡವನ್ನು ಉಳಿಸಿಕೊಳ್ಳುವ ದೃಷ್ಟಿಯಿಂದಲೇ ಇನ್ನೊಂದು ಮಾತು. ನೋವು ಹೆಚ್ಚಾಯಿತೆಂದು ಪೇಟೆಯ ಯಾವುದಾದರೂ ಕ್ಲಿನಿಕ್‌ನಿಂದ ದಿನವೂ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಬೇಡಿ.

ಈ ಮಾತ್ರೆ ಎಲ್ಲ ಮೆಡಿಕಲ್ ಅಂಗಡಿಗಳಲ್ಲಿ ಸಿಗದಿರುವುದಕ್ಕೂ ಕಾರಣವಿದೆ. 1985ರ ಮಾದಕ ವಸ್ತುಗಳ ಕಾಯ್ದೆ ದುರ್ಬಳಕೆ ತಡೆಯಲು ಬಂದದ್ದು, ಆದರೆ ಅದರ ಬಿಗಿಯಲ್ಲಿ ನೋವಿನವರೂ ಸಿಕ್ಕಿಕೊಂಡರು. ಒಂದು ಮಾರ್ಫಿನ್ ಮಾತ್ರೆಗಾಗಿ ಹಲವು ಪರವಾನಗಿಗಳು ಬೇಕಾಗಿದ್ದವು. 2014ರ ತಿದ್ದುಪಡಿ ಅದನ್ನು ಸಡಿಲಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ದಾಸ್ತಾನು ಇಟ್ಟು ಕೊಡಲು ದಾರಿ ಮಾಡಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಅನುಮತಿಯಿಂದಲೇ ಅಫೀಮು ಬೆಳೆಯುವ ದೇಶ ನಮ್ಮದು. ಅದರಿಂದಾಗುವ ಮದ್ದು ನಮ್ಮದೇ ಮನೆಗಳ ಹಾಸಿಗೆಯವರೆಗೆ ಬರುವುದು ಕಷ್ಟವಾಗಿದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಇಷ್ಟು ದೂರ ಬಂದು ನಿಮ್ಮ ಕಪಾಟು ತಲುಪಿದ ಮಾತ್ರೆ ಅಲ್ಲೇ ನಿಂತುಬಿಡಬಾರದು. ಬೀಗ ಹಾಕಿಡಿ, ಎಣಿಸಿಡಿ, ಉಳಿದರೆ ಕೊಟ್ಟ ಕಡೆಗೇ ಹಿಂದಿರುಗಿಸಿ.

ನೋವನ್ನು ಕೇಳುವ ಬಗೆಯ ಕುರಿತು ನನ್ನ ಅನುಭವವೊಂದನ್ನು ಹೇಳುತ್ತೇನೆ. ನಾನು ಹಾಸನದ ಕಡೆಯವಳು. ಇಲ್ಲಿಗೆ ಬಂದ ಮೊದಲ ವರ್ಷ ಕಾಪು ಕಡೆಯ ಒಂದು ಮನೆಯಲ್ಲಿ ಒಬ್ಬ ಅಜ್ಜಿಯನ್ನು "ನೋವಿದೆಯೇ ಅಜ್ಜಿ" ಎಂದು ದಿನವೂ ಕೇಳುತ್ತಿದ್ದೆ. ಅವರು ನಕ್ಕು "ಇಲ್ಲ" ಎನ್ನುತ್ತಿದ್ದರು. ನಾನು ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಜೊತೆಗೆ ಬಂದ ಸಹೋದ್ಯೋಗಿ ಹಾಸಿಗೆಯ ಅಂಚಿನಲ್ಲಿ ಕುಳಿತು ತುಳುವಿನಲ್ಲಿ "ಬೇನೆ ಉಂಡಾ?" ಎಂದಳು. ಅಜ್ಜಿ ಅವಳ ಕೈ ಹಿಡಿದು ಅಳತೊಡಗಿದರು. ಅಷ್ಟು ದಿನ ಅವರು ಕನ್ನಡದಲ್ಲಿ ನನಗೆ ಮರ್ಯಾದೆ ಕೊಟ್ಟಿದ್ದರು, ಅಷ್ಟೆ. ನೋವು ಇದ್ದದ್ದು ತುಳುವಿನಲ್ಲಿ. ಆ ದಿನಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ನಿಮ್ಮ ಮನೆಮಾತು ತುಳುವಿರಲಿ, ಕೊಂಕಣಿಯಿರಲಿ, ಬ್ಯಾರಿಯಿರಲಿ, ಅಮ್ಮನನ್ನು ಅದರಲ್ಲೇ ಕೇಳಿ. ದಾದಿ ಬಂದಾಗ ಅಮ್ಮ ಹೇಳಿದ ಪದವನ್ನೇ ಹೇಳಿ. ಹತ್ತರಲ್ಲಿ ಎಷ್ಟು ಎಂಬ ಅಂಕ ಹಿರಿಯರಿಗೆ ಹಿಡಿಸದಿದ್ದರೆ "ರೂಪಾಯಿಯಲ್ಲಿ ಎಷ್ಟಾಣೆ ನೋವು" ಎಂದು ಕೇಳಿ ನೋಡಿ. "ಹನ್ನೆರಡಾಣೆ ಇತ್ತು, ಈಗ ನಾಲ್ಕಾಣೆ" ಎಂಬ ಉತ್ತರ ನನಗೆ ಯಾವ ಅಂಕಪಟ್ಟಿಗಿಂತಲೂ ಸ್ಪಷ್ಟ.

ನೋವಿನ ಬಗೆಯನ್ನೂ ಕೇಳಬೇಕು, ಏಕೆಂದರೆ ಎಲ್ಲ ನೋವಿಗೂ ಮಾರ್ಫಿನ್ ಒಂದೇ ಸಾಕಾಗುವುದಿಲ್ಲ. ಬೆನ್ನಿನಲ್ಲಿ ಒಂದೇ ಜಾಗದಲ್ಲಿ, ಅಲುಗಿದಾಗ ಹೆಚ್ಚಾಗುವ ನೋವು ಮೂಳೆಯದು. ಅದಕ್ಕೆ ಒಮ್ಮೆ ಮಾತ್ರ ಕೊಡುವ ವಿಕಿರಣ ಚಿಕಿತ್ಸೆಯೂ ಬಹಳ ಜನರಿಗೆ ನೆಮ್ಮದಿ ತರುತ್ತದೆ. ಕಿಮೋ ನಿಂತಿತು ಎಂದರೆ ವಿಕಿರಣವೂ ಬೇಡ ಎಂದಲ್ಲ, ಕೇಳಿ ನೋಡಿ. ಉರಿ, ಜುಮುಜುಮು, ಕರೆಂಟು ಹೊಡೆದ ಹಾಗೆ ಕಾಲಿಗೆ ಇಳಿಯುವ ನೋವು ನರದ್ದು. ಅದಕ್ಕೆ ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಮದ್ದುಗಳನ್ನು ಜೊತೆಗೆ ಸೇರಿಸುತ್ತಾರೆ.

ಬೆನ್ನುಮೂಳೆಗೆ ಹರಡಿದೆ ಎಂದು ಬರೆದಿದ್ದೀರಿ. ಆದ್ದರಿಂದ ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಅಮ್ಮನ ಕಾಲುಗಳು ಹೊಸದಾಗಿ ಸೋತರೆ, ನಿಂತಾಗ ಕುಸಿದರೆ, ಸೊಂಟದಿಂದ ಕೆಳಗೆ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ ಮರುದಿನಕ್ಕೆ ಕಾಯಬೇಡಿ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಮೊದಲ ಕೆಲವು ಗಂಟೆಗಳಲ್ಲಿ ಸ್ಟೀರಾಯ್ಡ್, ವಿಕಿರಣ ಸಿಕ್ಕಿದರೆ ನಡೆಯುವ ಶಕ್ತಿ ಉಳಿಯುವ ಸಾಧ್ಯತೆಯಿದೆ, ಹೋದ ಶಕ್ತಿ ಮರಳಿ ಬರುವುದು ಕಷ್ಟ. ಮನೆಯಲ್ಲೇ ಇರಬೇಕು ಎಂದು ನಿರ್ಧರಿಸಿದವರೂ ಇದಕ್ಕಾಗಿ ಆಸ್ಪತ್ರೆಗೆ ಹೋಗುವುದು ಸರಿ.

ಮಲಬದ್ಧತೆಯನ್ನು ನಾಚಿಕೆಯ ವಿಷಯವೆಂದು ಕೊನೆಗೆ ಹೇಳುವವರೇ ಹೆಚ್ಚು. ನನಗೆ ಅದು ಮೊದಲ ಸಾಲಿನ ವಿಷಯ. ಮಾರ್ಫಿನ್ನಿನ ಮಂಪರು, ವಾಕರಿಕೆ ಕೆಲವು ದಿನಗಳಲ್ಲಿ ಹೋಗುತ್ತವೆ. ಮಲಬದ್ಧತೆ ಮಾತ್ರ ಮದ್ದು ಇರುವವರೆಗೂ ಇರುತ್ತದೆ. ಆದ್ದರಿಂದ ಮಾರ್ಫಿನ್ ಬರೆಯುವ ಚೀಟಿಯಲ್ಲೇ ಬಿಸಾಕೋಡಿಲ್ ಅಥವಾ ಸೆನ್ನಾದಂಥ ಮದ್ದನ್ನೂ ಬರೆದಿರುತ್ತಾರೆ. ನಿಮ್ಮ ಚೀಟಿಯಲ್ಲಿ ಇದೆಯೇ ನೋಡಿ. ಇದ್ದರೆ ರಾತ್ರಿ ತಪ್ಪದೆ ಕೊಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಊಟ ಮಾಡದವರಿಗೆ ಮಲ ಎಲ್ಲಿಂದ ಎಂದುಕೊಳ್ಳಬೇಡಿ, ಕರುಳು ತಾನಾಗಿಯೂ ಮಲ ಕೂಡಿಸುತ್ತದೆ. ಇಸಬ್‌ಗೋಲ್ ಬೇಡ. ನೀರು ಕಡಿಮೆ ಕುಡಿಯುವವರಲ್ಲಿ ಅದು ಕರುಳಿನೊಳಗೆ ಗಟ್ಟಿಯಾಗಿ ಕೂರುತ್ತದೆ. ನಾಲ್ಕು ದಿನವಾಗಿದೆ ಎಂದರೆ ಈಗ ದಾದಿ ಬಂದು ಪರೀಕ್ಷಿಸಬೇಕು. ಗುದದ್ವಾರದಲ್ಲಿ ಗಟ್ಟಿ ಮಲ ಕೂತಿದ್ದರೆ ಎನಿಮಾ ಕೊಟ್ಟು ಅಥವಾ ಕೈಯಿಂದ ಮೃದುವಾಗಿ ತೆಗೆಯುತ್ತಾರೆ. ನಡುವೆ ನೀರು ನೀರಾಗಿ ಸ್ವಲ್ಪ ಹೋದರೆ ಭೇದಿ ಎಂದು ತಿಳಿದು ನಿಲ್ಲಿಸುವ ಮಾತ್ರೆ ಕೊಡಬೇಡಿ, ಗಟ್ಟಿ ಮಲದ ಪಕ್ಕದಿಂದ ಜಾರಿದ ನೀರಾಗಿರಬಹುದು. ಹೊಟ್ಟೆ ಉಬ್ಬಿ, ಹಿಂಡಿದಂತೆ ನೋವಾಗಿ, ವಾಂತಿಯೂ ಆಗುತ್ತಿದ್ದರೆ ಮಲ ಸಡಿಲಿಸುವ ಮದ್ದು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಕರುಳು ಎಲ್ಲೋ ಕಟ್ಟಿಕೊಂಡಿರಬಹುದು. ಅಮ್ಮನ ಚಡಪಡಿಕೆಗೂ ರಾತ್ರಿಯ ನಿದ್ದೆಗೇಡಿಗೂ ಅರ್ಧ ಕಾರಣ ಈ ಹೊಟ್ಟೆಯೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಉಸಿರುಗಟ್ಟುವಾಗ ನೋಡುವವರಿಗೆ ಹೆಚ್ಚು ಭಯವಾಗುತ್ತದೆ, ಆ ಭಯ ರೋಗಿಗೆ ತಾಗುತ್ತದೆ, ಉಸಿರು ಇನ್ನೂ ವೇಗವಾಗುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ನೀವು ಮಾಡಬೇಕಾದ ಮೊದಲ ಕೆಲಸ ಹಾಸಿಗೆಯ ಸುತ್ತ ನಿಂತವರನ್ನು ಹೊರಗೆ ಕಳುಹಿಸುವುದು, ಕಿಟಕಿ ತೆರೆಯುವುದು. ಅಮ್ಮನನ್ನು ಕೂರಿಸಿ, ಎದುರಿಗೆ ಸ್ಟೂಲಿನ ಮೇಲೆ ಎರಡು ದಿಂಬು ಇಟ್ಟು, ಕೈಗಳನ್ನು ಅದರ ಮೇಲೆ ಊರಿಸಿ ಮುಂದಕ್ಕೆ ಒರಗಿಸಿ. ಆಮೇಲೆ ಬೀಸಣಿಗೆ. ಗಾಳಿ ಕೆನ್ನೆ, ಮೂಗು, ತುಟಿಗೆ ತಾಗಬೇಕು. ಅಲ್ಲಿನ ನರಗಳಿಗೆ ತಂಪು ತಾಗಿದಾಗ ಮಿದುಳಿಗೆ ಉಸಿರಿನ ಹಸಿವು ಕಡಿಮೆಯಾದಂತೆ ಅನ್ನಿಸುತ್ತದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಪರೀಕ್ಷಿಸಿ ಕಂಡುಕೊಂಡ ವಿಧಾನ. ದೊಡ್ಡ ಆಸ್ಪತ್ರೆಗಳಲ್ಲಿ ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನ್ ಕೊಡುತ್ತಾರೆ. ನಿಮ್ಮ ಅಟ್ಟದಲ್ಲಿ ಅಡಿಕೆ ಹಾಳೆಯ ಬೀಸಣಿಗೆ ಇದ್ದೇ ಇರುತ್ತದೆ, ಅದಕ್ಕೆ ಕರೆಂಟೂ ಬೇಡ. ಬಿಸಿ ಗಂಜಿಯನ್ನು ಆರಿಸುವಾಗ ತುಟಿ ಸಣ್ಣಗೆ ಮಾಡಿ ಊದುತ್ತೇವಲ್ಲ, ಹಾಗೆ ನಿಧಾನವಾಗಿ ಉಸಿರು ಬಿಡಲು ಹೇಳಿ. ನೀವೂ ಎದುರು ಕುಳಿತು ಹಾಗೆಯೇ ಊದಿ. ಹೇಳುವುದಕ್ಕಿಂತ ಜೊತೆಯಲ್ಲಿ ಮಾಡುವುದು ಬೇಗ ನಾಟುತ್ತದೆ.

ಆಮ್ಲಜನಕದ ಸಿಲಿಂಡರ್ ತರಿಸಬೇಕೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ರಕ್ತದಲ್ಲಿ ಆಮ್ಲಜನಕ ನಿಜವಾಗಿ ಇಳಿದವರಿಗೆ ಅದು ಬೇಕು. ಮಟ್ಟ ಸರಿಯಿದ್ದೂ ಉಸಿರು ಸಾಲದು ಅನ್ನಿಸುವವರಿಗೆ ಅದರಿಂದ ಗಾಳಿಗಿಂತ ಹೆಚ್ಚಿನ ಲಾಭವಿಲ್ಲ. ಮೂಗಿಗೆ ನಳಿಕೆ, ಒಣಗಿದ ಬಾಯಿ, ಕಟ್ಟಿಹಾಕಿದಂತಹ ಭಾವ ಮಾತ್ರ ಸೇರುತ್ತದೆ. ಸಣ್ಣ ಪ್ರಮಾಣದ ಮಾರ್ಫಿನ್ ಉಸಿರಾಟದ ಸಂಕಟವನ್ನೂ ತಗ್ಗಿಸುತ್ತದೆ ಎನ್ನುವುದನ್ನು ಅಣ್ಣನಿಗೆ ಹೇಳಿ. ಅವನು ಯಾವುದಕ್ಕೆ ಹೆದರಿ ಬೇಡ ಎನ್ನುತ್ತಿದ್ದಾನೋ ಅದೇ ಮದ್ದು ಹೊತ್ತು ಹೊತ್ತಿಗೆ ಸಿಕ್ಕಿದರೆ ಈ ತೊಂದರೆಯೂ ಇಳಿಯಬಹುದು. ಇದ್ದಕ್ಕಿದ್ದಂತೆ ಉಸಿರು ಹೆಚ್ಚು ಕಟ್ಟಿದರೆ, ಜ್ವರವಿದ್ದರೆ ತಂಡಕ್ಕೆ ತಿಳಿಸಿ. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ಅದನ್ನು ತೆಗೆಯಬಹುದು, ಸೋಂಕಿದ್ದರೆ ಮದ್ದಿದೆ.

ಊಟದ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತನಾಡುತ್ತೇನೆ. ಅಮ್ಮ ಉಣ್ಣದೆ ಇರುವುದರಿಂದ ಕಾಯಿಲೆ ಹೆಚ್ಚಾಗುತ್ತಿಲ್ಲ, ಕಾಯಿಲೆ ಹೆಚ್ಚಾಗಿರುವುದರಿಂದ ಉಣ್ಣಲಾಗುತ್ತಿಲ್ಲ. ಈ ಹಂತದಲ್ಲಿ ದೇಹ ಆಹಾರವನ್ನು ಮಾಂಸಖಂಡವಾಗಿ ಕಟ್ಟಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ನೆರೆಮನೆಯವರು ಹೇಳುವ ಗ್ಲೂಕೋಸ್ ಬಾಟಲಿಯ ಲೆಕ್ಕ ನೋಡಿ. ಶೇಕಡಾ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಸುಮಾರು 100 ಕ್ಯಾಲೊರಿ. ಐದಾರು ಚಮಚ ಸಕ್ಕರೆಯಷ್ಟು. ಅದಕ್ಕಾಗಿ ಸೂಜಿ ಚುಚ್ಚಿ, ಕೈ ಕಟ್ಟಿ, ಗಂಟೆಗಟ್ಟಲೆ ಮಲಗಿಸಬೇಕು. ದೇಹ ಸೋಲುತ್ತಿರುವಾಗ ಆ ನೀರು ಕಾಲಿನ ಊತವಾಗಿ, ಎದೆಯ ಗೊರಗೊರ ಸದ್ದಾಗಿ ಹೊರಬೀಳುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ವಾಂತಿಭೇದಿಯಿಂದ ನೀರು ಬತ್ತಿದವರಿಗೆ ಡ್ರಿಪ್ ಬೇಕಾಗುವುದುಂಟು, ಅದನ್ನು ವೈದ್ಯರು ಹೇಳುತ್ತಾರೆ. ಏನೂ ಹಾಕಿಸದೆ ಬಿಟ್ಟಳು ಎಂಬ ಊರ ಮಾತಿಗೆ ಹೆದರಿ ಹಾಕಿಸಬೇಡಿ.

ಕುಚ್ಚಲಕ್ಕಿ ಗಂಜಿಯ ತಿಳಿಗೆ ಎರಡು ಕಲ್ಲು ಉಪ್ಪು, ಸಣ್ಣ ಬಟ್ಟಲಿನಲ್ಲಿ. ಬಾಯಿ ಹುಣ್ಣಾಗಿರದಿದ್ದರೆ ಪುನರ್ಪುಳಿಯ ತೆಳು ಶರಬತ್ತು, ಬೊಂಡದ ನೀರು ನಾಲ್ಕು ಗುಟುಕು. ತಟ್ಟೆ ತುಂಬ ಬಡಿಸಿ ಎದುರಿಗಿಟ್ಟರೆ ನೋಡಿಯೇ ಸಾಕಾಗಿಬಿಡುತ್ತದೆ. ಕೂರಿಸಿಯೇ ಕುಡಿಸಿ, ಮಲಗಿಸಿ ಬೇಡ. ಬಾಯಿ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ. ಮೂಗು ಹಿಡಿದು ಕುಡಿಸಿದ ಗಂಜಿ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗುತ್ತದೆ.

ಉಣಿಸುವ ಆಸೆಯನ್ನೆಲ್ಲ ಬಾಯಿಯ ಆರೈಕೆಗೆ ಕೊಡಿ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಹಾಕಿ, ಮೆತ್ತಗಿನ ಬಟ್ಟೆ ಅದ್ದಿ, ಎರಡು ಗಂಟೆಗೊಮ್ಮೆ ಹಲ್ಲು, ನಾಲಗೆ, ಕೆನ್ನೆಯ ಒಳಬದಿ ಒರೆಸಿ. ತುಟಿಗೆ ತೆಂಗಿನೆಣ್ಣೆ ಸವರಿ. ನಾಲಗೆಯ ಮೇಲೆ ಮೊಸರು ಮೆತ್ತಿದಂತೆ ಬಿಳಿ ಕಂಡರೆ ಅದು ಶಿಲೀಂಧ್ರದ ಸೋಂಕು, ಕೆಲವೇ ದಿನಗಳ ಮದ್ದಿನಲ್ಲಿ ಹೋಗುತ್ತದೆ. ಆಮೇಲೆ ಎರಡು ಗುಟುಕು ಹೆಚ್ಚು ಕುಡಿಯುವುದನ್ನು ನೀವೇ ನೋಡುವಿರಿ. ಮಗ್ಗುಲು ಬದಲಿಸುವುದೂ ಎರಡು ಗಂಟೆಗೊಮ್ಮೆ. ಹಿಮ್ಮಡಿ, ಸೊಂಟದ ಕೆಳಗೆ ಚರ್ಮ ಕೆಂಪಾಗಿದೆಯೇ ನೋಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ. ಈ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಗೊತ್ತು, ಆದರೂ ಅರೆಒಣಗಿದ ಹಾಸು ಹಾಸಬೇಡಿ. ಒದ್ದೆಯಲ್ಲಿ ಚರ್ಮ ಎರಡೇ ದಿನಕ್ಕೆ ಒಡೆಯುತ್ತದೆ.

ಆಟಿಯ ಮಳೆಗೆ ರಸ್ತೆಗೆ ಮರ ಬಿದ್ದರೆ ತಂಡದ ವಾಹನ ಬರಲಾಗದ ದಿನಗಳಿರುತ್ತವೆ. ಮಾತ್ರೆ ಮುಗಿಯಲು ಐದು ದಿನ ಇರುವಾಗಲೇ ಹೊಸದನ್ನು ತನ್ನಿ. ನುಂಗಲಾಗದ ದಿನ ಬಂದರೆ ಏನು ಮಾಡಬೇಕು ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಾಲ್ಕು ಗಂಟೆಯ ಈ ಮಾತ್ರೆಯನ್ನು ಪುಡಿ ಮಾಡಿ ಒಂದು ಚಮಚ ನೀರಿನಲ್ಲಿ ಕೊಡಬಹುದು. ನಿಧಾನವಾಗಿ ಬಿಡುಗಡೆಯಾಗುವ ಬಗೆಯದನ್ನು ಮಾತ್ರ ಎಂದಿಗೂ ಪುಡಿ ಮಾಡಬಾರದು. ಅದೂ ಆಗದಾಗ ಚರ್ಮದಡಿಗೆ ಸಣ್ಣ ಸೂಜಿ ಕೂರಿಸಿ ಅದರ ಮೂಲಕ ಮದ್ದು ಕೊಡುವ ಕ್ರಮವಿದೆ, ಮನೆಯಲ್ಲೇ ಆಗುತ್ತದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಪ್ಯಾಲಿಯೇಟಿವ್ ಚಿಕಿತ್ಸೆಗೆ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಗೆ, ಪ್ರತ್ಯೇಕ ವಿಭಾಗವೇ ಇದೆ. ನಿಮ್ಮ ಈಗಿನ ವೈದ್ಯರ ಮೂಲಕ ಅಂಥ ತಂಡದ ಜೊತೆ ಸಂಪರ್ಕವಿಟ್ಟುಕೊಳ್ಳಿ.

ಮುಂದೆ ಬರುವುದನ್ನೂ ಮುಚ್ಚಿಡುವುದಿಲ್ಲ. ಕೊನೆಯ ದಿನಗಳಲ್ಲಿ ನಿದ್ದೆ ಹೆಚ್ಚುತ್ತದೆ, ಕೈಕಾಲು ತಣ್ಣಗಾಗುತ್ತವೆ, ಉಸಿರು ನಿಂತು ನಿಂತು ಬರುತ್ತದೆ, ಗಂಟಲಿನಲ್ಲಿ ಗೊರಗೊರ ಸದ್ದಾಗಬಹುದು. ಆ ಸದ್ದು ಕೇಳುವವರನ್ನು ಕಾಡುವಷ್ಟು ಅವರನ್ನು ಕಾಡುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ತಲೆ ಸ್ವಲ್ಪ ಎತ್ತರಿಸಿ. ಸ್ರಾವ ಕಡಿಮೆ ಮಾಡುವ ಇಂಜೆಕ್ಷನ್ ಇದೆ. ಗಂಟಲಿಗೆ ನಳಿಕೆ ಇಳಿಸಿ ಎಳೆಯುವುದು ಬೇಡ. ಆ ಹೊತ್ತಿನಲ್ಲಿ ಗಾಬರಿಯಿಂದ ಆಂಬುಲೆನ್ಸ್ ಕರೆದು ವೆಂಟಿಲೇಟರ್‌ವರೆಗೆ ಹೋದ ಮನೆಗಳನ್ನು ಬಲ್ಲೆ. ಅಮ್ಮನಿಗೆ ಅದು ಬೇಕೇ ಎಂದು ಅವರನ್ನೇ ಕೇಳಬಹುದು. ಘನತೆಯಿಂದ ಸಾಯುವ ಹಕ್ಕನ್ನು, ಮುಂಚಿತವಾಗಿ ಇಚ್ಛೆ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು ಎಂದಿತು. ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿಯಲ್ಲಿ.

ಅಮ್ಮನಿಗೆ ತಮ್ಮ ಕಾಯಿಲೆ ಗೊತ್ತೇ ಎಂದು ನೀವು ಬರೆದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನವರಿಗೆ ಗೊತ್ತಿರುತ್ತದೆ, ಮಕ್ಕಳಿಗೆ ನೋವಾಗದಿರಲಿ ಎಂದು ಅವರೂ ಸುಮ್ಮನಿರುತ್ತಾರೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆರೈಕೆ ಕೇಂದ್ರ ತೆರೆದ ಸಿಸಿಲಿ ಸಾಂಡರ್ಸ್ ವೈದ್ಯೆಯಾಗುವ ಮೊದಲು ದಾದಿಯಾಗಿದ್ದವರು. ದೇಹ, ಮನಸ್ಸು, ಸಂಸಾರ, ನಂಬಿಕೆ ಎಲ್ಲದರ ನೋವೂ ಸೇರಿ ಒಂದೇ ನೋವಾಗುತ್ತದೆ ಎಂದು ತಿಳಿಸಿದವರು ಅವರು. ಮಾತ್ರೆಗಳನ್ನೆಲ್ಲ ಸರಿಯಾಗಿ ಕೊಟ್ಟರೂ ಸಂಜೆಯಾದರೆ ನೋವು ಏರುತ್ತಿದ್ದರೆ ಅಮ್ಮ ಬಾಗಿಲ ಕಡೆ ನೋಡುತ್ತಿದ್ದಾರೆಯೇ ಎಂದು ಗಮನಿಸಿ.

ಅಣ್ಣನನ್ನು ಈಗಲೇ ಕರೆಸಿ. "ಕೊನೆಯಾಗುವಾಗ ಹೇಳು, ಬರುತ್ತೇನೆ" ಎಂದವರು ಬರುವಾಗ ಮಾತು ನಿಂತಿರುತ್ತದೆ. ಅಮ್ಮ ಮಾತನಾಡುವಾಗ, ಗಂಜಿಗೆ ಉಪ್ಪು ಸಾಲದು ಎಂದು ಹೇಳುವಷ್ಟು ಚೈತನ್ಯ ಇರುವಾಗ ಬರಲಿ. ಮಳೆಗಾಲದಲ್ಲಿ ಕೊಂಕಣ ರೈಲುಗಳು ನಿಧಾನ, ಕೆಲವೊಮ್ಮೆ ಗುಡ್ಡ ಕುಸಿದು ದಾರಿಯಲ್ಲೇ ನಿಲ್ಲುತ್ತವೆ. ಆ ಲೆಕ್ಕವನ್ನೂ ಇಟ್ಟುಕೊಳ್ಳಲಿ. ಬಂದ ಮೊದಲ ರಾತ್ರಿಯೇ ನೋಟ್‌ಬುಕ್ ಅವನ ಕೈಗೆ ಕೊಡಿ. ಹತ್ತು ಗಂಟೆಯ ಮಾತ್ರೆಯನ್ನು ಅವನೇ ಕೊಟ್ಟು, ಹೊತ್ತು ಬರೆದು, ಅಮ್ಮನ ಪಕ್ಕದಲ್ಲಿ ಮಲಗಲಿ. ನೀವು ಒಳಕೋಣೆಗೆ ಹೋಗಿ ಬೆಳಗಿನವರೆಗೆ ನಿದ್ದೆ ಮಾಡಿ.